ತಕರಾರು ಅರ್ಜಿಯ ಹಾದಿ: ಮನೆ ತೆರಿಗೆ ಅಪೀಲಿನ ಹಿಂದಿನ ಕಥೆ

ಪ್ರತಿ ವರ್ಷ ಸಂಕ್ರಾಂತಿಯ ಎಳ್ಳು ಬೀರಿ ಮುಗಿಯುವ ಹೊತ್ತಿಗೆ, ನ್ಯೂಜೆರ್ಸಿಯಲ್ಲಿ ಸ್ವಂತ ಮನೆ ಮಾಡಿಕೊಂಡಿರುವ ನಮ್ಮ ಬಹುಪಾಲು ಸದಸ್ಯರ ಅಂಚೆಪೆಟ್ಟಿಗೆಗೆ ಟೌನಿನಿಂದ ಒಂದು ಕಾರ್ಡು ಬಂದು ಬೀಳುತ್ತದೆ. ಜಾಗಕ್ಕೆ ಇಷ್ಟು, ಕಟ್ಟಡಕ್ಕೆ ಇಷ್ಟು, ಒಟ್ಟು ಇಷ್ಟು ಎಂದು ಮೂರು ಅಂಕಿಗಳು. ಜೊತೆಗೆ ಹೋದ ವರ್ಷ ಕಟ್ಟಿದ ತೆರಿಗೆ. ನಿಮ್ಮ ಮನೆಯ ಬೆಲೆ ಇಷ್ಟೆಂದು ಟೌನಿನ ಅಸೆಸರ್ ಕಟ್ಟಿದ ಲೆಕ್ಕ ಇದು. ಒಪ್ಪಿಗೆಯಿಲ್ಲದಿದ್ದರೆ ಇಂಥ ದಿನದೊಳಗೆ ಅಪೀಲು ಮಾಡಿಕೊಳ್ಳಬಹುದು ಎಂಬ ಒಂದೆರಡು ಸಾಲು ಸಣ್ಣ ಅಕ್ಷರದಲ್ಲಿ ಇರುತ್ತದೆ.

ನಮ್ಮಲ್ಲಿ ಹೆಚ್ಚಿನವರು ಈ ಕಾರ್ಡನ್ನು ಸರಿಯಾಗಿ ಓದುವುದಿಲ್ಲ. ತೆರಿಗೆಯನ್ನು ಎಸ್ಕ್ರೋ ಖಾತೆಯಿಂದ ಬ್ಯಾಂಕಿನವರೇ ಕಟ್ಟುತ್ತಾರೆ; ತಿಂಗಳ ಕಂತು ಏರಿದಾಗ ಮಾತ್ರ ನಮಗೆ ಎಚ್ಚರ. ಆಗ ಎರಡು ಬಗೆಯ ಮಾತು ಕೇಳಿಬರುತ್ತವೆ. ಒಂದು, "ಸರ್ಕಾರದ ಜೊತೆ ಜಗಳ ಯಾಕೆ, ಬಂದ ಊರಿನಲ್ಲಿ ತಣ್ಣಗಿರೋಣ" ಎನ್ನುವುದು. ಇನ್ನೊಂದು, "ಎಲ್ಲರೂ ಹಾಕುತ್ತಿದ್ದಾರೆ, ನಾವೂ ಒಂದು ಅರ್ಜಿ ಹಾಕಿಬಿಡೋಣ" ಎನ್ನುವುದು. ಎರಡೂ ಮಾತು ಪೂರ್ತಿ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಈ ಹಕ್ಕು ಎಲ್ಲಿಂದ ಬಂತು, ಯಾರು ಇದಕ್ಕಾಗಿ ಹೋರಾಡಿದರು, ನ್ಯಾಯಾಲಯಗಳು ಏನು ಹೇಳಿದವು ಎಂದು ತಿಳಿದುಕೊಂಡರೆ, ಅಪೀಲು ಮಾಡಬೇಕೋ ಬೇಡವೋ ಎಂಬ ಪ್ರಶ್ನೆಗೆ ಉತ್ತರ ಹೆಚ್ಚು ಕಡಿಮೆ ತಾನಾಗಿಯೇ ಸಿಗುತ್ತದೆ.

ನಮ್ಮ ಊರಿನ ನೆನಪು

ಮನೆಗೆ ತೆರಿಗೆ ಹಾಕುವುದು ಕನ್ನಡಿಗರಿಗೆ ಹೊಸದಲ್ಲ. ನಮ್ಮ ಶಾಸನಗಳಲ್ಲಿ ಮನೆದೆರೆ, ಮನೆವಣ ಎಂಬ ಮಾತುಗಳು ಸಿಗುತ್ತವೆ; ಇಂತಿಷ್ಟೆಂದು ನಿಗದಿ ಮಾಡಿದ ಭೂಮಿಯ ತೆರಿಗೆಗೆ ಸಿದ್ಧಾಯ ಎಂಬ ಹೆಸರಿತ್ತು. ತೆರಿಗೆ ಎಷ್ಟೆಂದು ಕೇಳುವುದಕ್ಕಿಂತ ಮೊದಲು, ಯಾವ ಆಧಾರದ ಮೇಲೆ ಎಂದು ಕೇಳಬೇಕು ಎಂಬುದನ್ನು ಚೆನ್ನಾಗಿ ಅರಿತವನು ಕೆಳದಿಯ ಶಿವಪ್ಪ ನಾಯಕ. 17ನೆಯ ಶತಮಾನದ ನಡುವೆ ಆಳಿದ ಆತ, ಊರೂರಿನಲ್ಲಿ ಒಂದೊಂದು ಗದ್ದೆಯನ್ನು ಅರಮನೆಯ ಖರ್ಚಿನಲ್ಲೇ 12 ವರ್ಷ ಬೇಸಾಯ ಮಾಡಿಸಿ, ಬಿತ್ತಿದ ಬೀಜವೆಷ್ಟು, ಖರ್ಚೆಷ್ಟು, ಬೆಳೆಯೆಷ್ಟು ಎಂದು ಬರೆಸಿಟ್ಟು, ಆ ಮೇಲೆ ಕಂದಾಯ ಗೊತ್ತುಮಾಡಿದನೆಂದು ಹೇಳುತ್ತಾರೆ. ಅದೇ 'ಶಿವಪ್ಪ ನಾಯಕನ ಶಿಸ್ತು'. ಶಿಸ್ತು ಎಂಬ ಪದವನ್ನು ಇಂದು ನಾವು ಮಕ್ಕಳಿಗೆ ಹೇಳುವ ಬುದ್ಧಿಮಾತಿನಲ್ಲಿ ಬಳಸುತ್ತೇವೆ. ಮಲೆನಾಡಿನಲ್ಲಿ ಅದು ಬಹುಕಾಲ ಕಂದಾಯದ ಲೆಕ್ಕದ ಹೆಸರಾಗಿತ್ತು.

ಲೆಕ್ಕ ತಪ್ಪಿದಾಗ ಏನಾಯಿತು ಎಂಬುದಕ್ಕೂ ನಮ್ಮಲ್ಲೇ ಉದಾಹರಣೆಯಿದೆ. 1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾ ಕಂಪನಿಯ ವಶವಾಯಿತು. ಥಾಮಸ್ ಮನ್ರೋ ಅದರ ಕಲೆಕ್ಟರಾಗಿ ಬಂದು ಕಂದಾಯ ನಿಗದಿ ಮಾಡಿದ. ಮೂವತ್ತು ವರ್ಷ ಕಳೆದ ಮೇಲೆ, ಧಾನ್ಯದ ಬೆಲೆ ಕುಸಿದು ಕಂದಾಯದ ಭಾರ ತಾಳಲಾರದೆ, ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಯ ರೈತರು ಮೊದಲು ಅರ್ಜಿ ಕೊಟ್ಟರು. ಅರ್ಜಿಯಿಂದ ಸಮಾಧಾನ ಸಿಗದಿದ್ದಾಗ ಗುಂಪುಗೂಡಿ ಕಂದಾಯ ಕಟ್ಟುವುದಿಲ್ಲವೆಂದರು. 1831ರ ಆರಂಭದಲ್ಲಿ ಕದ್ರಿಯ ಮಂಜುನಾಥ ದೇವಸ್ಥಾನದಲ್ಲಿ ದೊಡ್ಡ ಸಭೆ ಸೇರಿತು. ಆ ಸಭೆಗಳಿಗೆ ಜನ ಇಟ್ಟ ಹೆಸರು 'ಕೂಟ'. ಇತಿಹಾಸದ ಪುಸ್ತಕಗಳಲ್ಲಿ ಅದು ಕೂಟ ದಂಗೆ. ಅದೇ ಹೊತ್ತಿನಲ್ಲಿ ಮೈಸೂರು ಸೀಮೆಯ ನಗರದಲ್ಲೂ ರೈತರು ಎದ್ದರು. ಅದರ ಬೆನ್ನಿಗೆ 1831ರಲ್ಲಿ ಮೈಸೂರಿನ ಆಡಳಿತವೇ ಮುಮ್ಮಡಿ ಕೃಷ್ಣರಾಜ ಒಡೆಯರ ಕೈತಪ್ಪಿತು. ಈ ದೇಶದಲ್ಲಿ ನಾವು ಯುಗಾದಿ, ದೀಪಾವಳಿಗೆಂದು ಸೇರುವ ಸಂಘಗಳಿಗೆ ಎಷ್ಟೋ ಊರುಗಳಲ್ಲಿ 'ಕನ್ನಡ ಕೂಟ' ಎಂದೇ ಹೆಸರು. ಆ ಪದಕ್ಕೆ ಒಂದು ಕಾಲದಲ್ಲಿ ತೆರಿಗೆಯ ತಕರಾರಿನ ಕಾವೂ ಇತ್ತೆಂದು ನೆನಪಿಟ್ಟುಕೊಳ್ಳಬಹುದು.

ಬಿಸಿನೀರಿನ ಯುದ್ಧ

ಈಗ ನಾವಿರುವ ದೇಶಕ್ಕೆ ಬರೋಣ. 1798ರಲ್ಲಿ ಫ್ರಾನ್ಸಿನೊಡನೆ ಯುದ್ಧವಾದೀತೆಂಬ ಭಯದಿಂದ ಅಮೆರಿಕದ ಕಾಂಗ್ರೆಸ್ಸು 20 ಲಕ್ಷ ಡಾಲರಿನ ನೇರ ತೆರಿಗೆಯೊಂದನ್ನು ಹಾಕಿತು. ಅದು ಮನೆ, ಜಮೀನು, ಮತ್ತು ಆ ಕಾಲದ ಘೋರ ಪದ್ಧತಿಯಂತೆ ಗುಲಾಮರ ಮೇಲೂ ಬಿದ್ದ ತೆರಿಗೆ. ಮನೆಯ ಬೆಲೆ ಕಟ್ಟಲು ಅಸೆಸರುಗಳು ಊರೂರು ತಿರುಗಿದರು. ಮನೆಯ ಅಳತೆ ಬರೆದರು, ಕಿಟಕಿಗಳನ್ನು ಎಣಿಸಿದರು.

ಪೆನ್ಸಿಲ್ವೇನಿಯಾದ ಬಕ್ಸ್, ನಾರ್ಥಾಂಪ್ಟನ್ ಮುಂತಾದ ಕೌಂಟಿಗಳಲ್ಲಿ ಆಗ ಜರ್ಮನ್ ಮಾತಾಡುವ ರೈತರು ಬಹಳ ಇದ್ದರು. ನ್ಯೂಜೆರ್ಸಿಯಿಂದ ಡೆಲವೇರ್ ನದಿ ದಾಟಿದರೆ ಅದೇ ಸೀಮೆ. ಅವರ ಮನೆಮಾತು ಬೇರೆ, ಅಸೆಸರುಗಳ ಪಂಗಡ ಬೇರೆ. ಕಿಟಕಿ ಎಣಿಸುವವರನ್ನು ಕಂಡು, ಹಳೆಯ ದೇಶದ ದೊರೆಗಳ ಕಾಟ ಇಲ್ಲಿಗೂ ಬಂತೇ ಎಂದು ಅವರಿಗೆ ದಿಗಿಲಾಯಿತು. ಹೆಂಗಸರು ಮಹಡಿಯ ಕಿಟಕಿಯಿಂದ ಅಸೆಸರುಗಳ ತಲೆಯ ಮೇಲೆ ಬಿಸಿನೀರು ಸುರಿದರು. ಅದಕ್ಕೇ ಈ ಗಲಾಟೆಗೆ 'ಬಿಸಿನೀರಿನ ಯುದ್ಧ' ಎಂಬ ಅಡ್ಡಹೆಸರು ಬಿತ್ತು. ತೆರಿಗೆ ತಡೆದವರನ್ನು ಮಾರ್ಷಲ್ ಹಿಡಿದು ಬೆತ್ಲೆಹೆಮ್ ಊರಿನ ಸನ್ ಇನ್ ಎಂಬ ಛತ್ರದಲ್ಲಿ ಕೂಡಿಹಾಕಿದಾಗ, ಹರಾಜು ಕೂಗುವ ಕಸುಬಿನ ಜಾನ್ ಫ್ರೀಸ್ ಎಂಬಾತ 1799ರ ಮಾರ್ಚ್ 7ರಂದು ಬಂದೂಕು ಹಿಡಿದ ಜನರೊಡನೆ ಹೋಗಿ ಬಿಡಿಸಿಕೊಂಡು ಬಂದ. ಒಂದು ಜೀವವೂ ಹೋಗಲಿಲ್ಲ. ಆದರೂ ಸರ್ಕಾರ ಸೈನ್ಯ ಕಳಿಸಿತು, ಫ್ರೀಸ್ ಸಿಕ್ಕಿಬಿದ್ದ, ದೇಶದ್ರೋಹದ ಆರೋಪದ ಮೇಲೆ ಎರಡು ಸಲ ವಿಚಾರಣೆ ನಡೆದು ಗಲ್ಲು ಶಿಕ್ಷೆಯಾಯಿತು. 1800ರಲ್ಲಿ ಅಧ್ಯಕ್ಷ ಜಾನ್ ಆಡಮ್ಸ್ ಕ್ಷಮಾದಾನ ಕೊಟ್ಟದ್ದರಿಂದ ಆತ ಬದುಕಿದ.

ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ತೆರಿಗೆಯ ದರ ಮನೆಯ ಬೆಲೆಯ ಜೊತೆ ಏರುತ್ತಿತ್ತು. ಸಣ್ಣ ಮನೆಗೆ ನೂರಕ್ಕೆ ಕಾಲು ಡಾಲರೂ ಇಲ್ಲ. ಅತಿ ದೊಡ್ಡ ಬಂಗಲೆಗೆ ನೂರಕ್ಕೆ ಒಂದು. ಅಂದರೆ ಬಡ ರೈತನಿಗೆ ತೆರಿಗೆ ಹಗುರವಾಗಿಯೇ ಇತ್ತು. ಭಾರವಾಗಿದ್ದದ್ದು ಅಪನಂಬಿಕೆ. ಪರಭಾಷೆಯ ಜನಕ್ಕೆ ಲೆಕ್ಕ ಹೇಗೆ ನಡೆಯುತ್ತದೆಂದು ತಿಳಿಯದಿದ್ದರೆ, ಹಗುರ ತೆರಿಗೆಯೂ ದಬ್ಬಾಳಿಕೆಯಂತೆ ಕಾಣುತ್ತದೆ. ಈ ಪಾಠ ನಮಗೂ ಸಲ್ಲುತ್ತದೆ.

ಇಬ್ಬರು ಮೇಡಂಗಳ ಸಾಹಸ

19ನೆಯ ಶತಮಾನದಲ್ಲಿ ಒಂದೊಂದೇ ರಾಜ್ಯ ತನ್ನ ಸಂವಿಧಾನದಲ್ಲಿ, ಎಲ್ಲ ಆಸ್ತಿಗೂ ಒಂದೇ ಅಳತೆಗೋಲಿನಿಂದ ತೆರಿಗೆ ಹಾಕಬೇಕೆಂದು ಬರೆದುಕೊಂಡಿತು. ಬರೆದದ್ದು ಸುಲಭ, ನಡೆಸಿದ್ದು ಕಷ್ಟ. ಅಸೆಸರುಗಳು ಅನೇಕ ಕಡೆ ಚುನಾವಣೆಯಲ್ಲಿ ಗೆದ್ದು ಬರುವವರು. ತಮ್ಮ ಊರಿನ ಬೆಲೆ ಕಡಿಮೆ ತೋರಿಸಿದರೆ ರಾಜ್ಯದ ತೆರಿಗೆಯಲ್ಲಿ ಊರಿನ ಪಾಲು ಕಡಿಮೆಯಾಗುತ್ತಿತ್ತು. ಹೀಗಾಗಿ ಒಬ್ಬರಿಗಿಂತ ಒಬ್ಬರು ಕಡಿಮೆ ಬರೆಯುವ ಪೈಪೋಟಿಯೇ ನಡೆಯಿತು. ಇದನ್ನು ಸರಿದೂಗಿಸಲು 'ಬೋರ್ಡ್ ಆಫ್ ಈಕ್ವಲೈಸೇಷನ್' ಎಂಬ ಸಮೀಕರಣ ಮಂಡಳಿಗಳು ಹುಟ್ಟಿದವು.

ಅಪೀಲು ಎಂದರೆ ನಮ್ಮ ತೆರಿಗೆ ಇಳಿಸಿಕೊಳ್ಳುವುದು ಎಂದಷ್ಟೇ ನಾವು ತಿಳಿದಿದ್ದೇವೆ. ಷಿಕಾಗೋದ ಶಾಲಾ ಶಿಕ್ಷಕಿಯರು ಇದನ್ನು ತಲೆಕೆಳಗು ಮಾಡಿ ತೋರಿಸಿದರು. 1900ರಲ್ಲಿ ಅಲ್ಲಿನ ಶಾಲಾ ಮಂಡಳಿ ಹಣವಿಲ್ಲವೆಂದು ಹೇಳಿ, ಕೊಡುತ್ತೇನೆಂದಿದ್ದ ಸಂಬಳದ ಏರಿಕೆಯನ್ನು ನಿಲ್ಲಿಸಿತು. ಶಿಕ್ಷಕರ ಸಂಘದ ಮಾರ್ಗರೆಟ್ ಹೇಲಿ ಮತ್ತು ಕ್ಯಾಥರೀನ್ ಗಾಗಿನ್ ಸುಮ್ಮನೆ ಅಳುತ್ತಾ ಕೂಡಲಿಲ್ಲ. ಹಣ ಯಾಕೆ ಇಲ್ಲ ಎಂದು ತೆರಿಗೆಯ ದಾಖಲೆಗಳನ್ನು ಬಿಚ್ಚಿ ನೋಡಿದರು. ಟ್ರಾಮು, ಗ್ಯಾಸು, ವಿದ್ಯುತ್, ಟೆಲಿಫೋನು ನಡೆಸುವ ದೊಡ್ಡ ಕಂಪನಿಗಳು ನಗರದ ಬೀದಿಗಳನ್ನು ಬಳಸಲು ಪಡೆದಿದ್ದ ಪರವಾನಗಿಗಳು ಕೋಟ್ಯಂತರ ಬೆಲೆ ಬಾಳುತ್ತಿದ್ದವು. ಅವುಗಳ ಮೇಲೆ ತೆರಿಗೆಯೇ ಬಿದ್ದಿರಲಿಲ್ಲ.

ಇಬ್ಬರೂ ರಾಜ್ಯದ ಸಮೀಕರಣ ಮಂಡಳಿಯ ಮೇಲೆ ದಾವೆ ಹೂಡಿದರು. 1901ರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟು, ಆ ಕಂಪನಿಗಳ ಬೆಲೆ ಕಟ್ಟಲೇಬೇಕೆಂದು ಮಂಡಳಿಗೆ ಆಜ್ಞೆ ಮಾಡಿತು. ಕಂಪನಿಗಳು ಫೆಡರಲ್ ಕೋರ್ಟಿಗೆ ಹೋಗಿ ಮೊತ್ತವನ್ನು ಬಹಳಷ್ಟು ಇಳಿಸಿಕೊಂಡವು. ಆದರೂ ಶಾಲಾ ಮಂಡಳಿಯ ಪಾಲಿಗೆ ಸುಮಾರು 2.5 ಲಕ್ಷ ಡಾಲರು ಬಂತು. ಮಂಡಳಿ ಅದನ್ನು ಬೇರೆ ಬೇರೆ ಖರ್ಚಿಗೆ ಹಚ್ಚಲು ಹೊರಟಾಗ ಶಿಕ್ಷಕಿಯರು ಮತ್ತೆ ಕೋರ್ಟಿಗೆ ಹೋದರು. 1904ರಲ್ಲಿ ನ್ಯಾಯಾಧೀಶ ಎಡ್ವರ್ಡ್ ಡನ್ ಅವರ ಪರವಾಗಿ ತೀರ್ಪಿತ್ತರು. ಈ ದೇಶದ ಹೆಂಗಸರಿಗೆಲ್ಲ ಓಟಿನ ಹಕ್ಕು ಬಂದದ್ದು 1920ರಲ್ಲಿ ಎಂದು ನೆನೆದರೆ, ಇದು ಎಷ್ಟು ದೊಡ್ಡ ಸಾಹಸವೆಂದು ತಿಳಿಯುತ್ತದೆ. ಒಬ್ಬರು ಕಡಿಮೆ ಕೊಟ್ಟರೆ ಇನ್ನೊಬ್ಬರು ಹೆಚ್ಚು ಕೊಡಬೇಕು, ಇಲ್ಲವೇ ಶಾಲೆ ಸೊರಗಬೇಕು ಎಂಬುದು ಆ ಮೊಕದ್ದಮೆಯ ಸಾರ.

ಮೂರು ತೀರ್ಪುಗಳು

ಅಪೀಲಿನ ಹಕ್ಕಿಗೆ ಇಂದಿನ ರೂಪ ಕೊಟ್ಟದ್ದು ಅಮೆರಿಕದ ಸುಪ್ರೀಂ ಕೋರ್ಟಿನ ಮೂರು ತೀರ್ಪುಗಳು ಎಂದು ಹೇಳಬಹುದು. ಮೂರನ್ನೂ ಸರಳವಾಗಿ ನೋಡೋಣ.

ಮೊದಲನೆಯದು 1908ರ ಲಂಡನರ್ ಮೊಕದ್ದಮೆ. ಡೆನ್ವರ್ ನಗರ ಒಂದು ರಸ್ತೆಗೆ ಕಲ್ಲು ಹಾಸಿ, ಅದರ ಖರ್ಚನ್ನು ಅಕ್ಕಪಕ್ಕದ ಜಾಗಗಳ ಮೇಲೆ ಹಂಚಿತ್ತು. ಮಾಲೀಕರು ಬರೆದುಕೊಟ್ಟ ಆಕ್ಷೇಪಣೆಯನ್ನು ತೆಗೆದುಕೊಂಡರೇ ಹೊರತು ಅವರನ್ನು ಕರೆದು ಕೇಳಲಿಲ್ಲ. ಇಷ್ಟು ಸಾಲದು, ಒಬ್ಬೊಬ್ಬರ ಆಸ್ತಿಯ ಮೇಲೆ ಹೀಗೆ ಹೊರೆ ಹೊರಿಸುವಾಗ ಅವರು ಎದುರಿಗೆ ನಿಂತು ಮಾತಾಡಲು, ಸಾಕ್ಷ್ಯ ತೋರಿಸಲು ಅವಕಾಶ ಕೊಡಬೇಕು ಎಂದು ಕೋರ್ಟು ಹೇಳಿತು.

ಎರಡನೆಯದು 1915ರ ಬೈ-ಮೆಟಾಲಿಕ್ ಮೊಕದ್ದಮೆ. ಊರು ಅದೇ ಡೆನ್ವರ್. ಈ ಸಲ ರಾಜ್ಯದವರು ನಗರದ ಎಲ್ಲ ಆಸ್ತಿಯ ಬೆಲೆಯನ್ನೂ ಒಂದೇ ಏಟಿಗೆ ನೂರಕ್ಕೆ 40ರಷ್ಟು ಏರಿಸಿದರು. ನಮ್ಮನ್ನು ಕೇಳಲಿಲ್ಲ ಎಂದು ಕಂಪನಿಯೊಂದು ಹೋದರೆ, ನ್ಯಾಯಮೂರ್ತಿ ಹೋಮ್ಸ್ ಒಪ್ಪಲಿಲ್ಲ. ಎಲ್ಲರಿಗೂ ಸಮನಾಗಿ ಬಿದ್ದ ಹೊರೆಗೆ ಒಬ್ಬೊಬ್ಬರ ವಿಚಾರಣೆ ಸಾಧ್ಯವಿಲ್ಲ. ಅದಕ್ಕೆ ಮದ್ದು ಓಟಿನ ಪೆಟ್ಟಿಗೆಯಲ್ಲಿದೆ ಎಂಬುದು ಅವರ ಮಾತಿನ ತಾತ್ಪರ್ಯ.

ಮೂರನೆಯದು 1923ರ ಸೂ ಸಿಟಿ ಬ್ರಿಜ್ ಕಂಪನಿಯ ಮೊಕದ್ದಮೆ. ಮಿಸೌರಿ ನದಿಯ ಮೇಲಿನ ಸೇತುವೆಯ ನೆಬ್ರಾಸ್ಕಾ ಬದಿಯ ಭಾಗಕ್ಕೆ ಪೂರ್ತಿ ಬೆಲೆ ಕಟ್ಟಿದ್ದರು. ಆ ಕೌಂಟಿಯ ಉಳಿದ ಜಮೀನಿಗೆಲ್ಲ ನೂರಕ್ಕೆ 55ರಷ್ಟು ಮಾತ್ರ. ಕಾನೂನಿನಲ್ಲಿ ಪೂರ್ತಿ ಬೆಲೆ ಎಂದೇ ಬರೆದಿದೆ, ಬೇಕಾದರೆ ಉಳಿದವರದ್ದನ್ನು ಏರಿಸಿರೆಂದು ಕೇಳಿಕೊಳ್ಳಿ ಎಂದಿತು ರಾಜ್ಯದ ಕೋರ್ಟು. ಊರವರ ಮೇಲೆಲ್ಲ ದಾವೆ ಹೂಡು ಎಂದು ಒಬ್ಬನಿಗೆ ಹೇಳುವುದು ನ್ಯಾಯವಲ್ಲ, ಅವನದ್ದನ್ನೇ ಉಳಿದವರ ಮಟ್ಟಕ್ಕೆ ಇಳಿಸಿ ಎಂದಿತು ಸುಪ್ರೀಂ ಕೋರ್ಟು.

ಈ ಮೂರನ್ನು ಒಟ್ಟಿಗೆ ಇಟ್ಟು ನೋಡಿ. ನಿಮ್ಮ ಮನೆಯ ಲೆಕ್ಕದ ಬಗ್ಗೆ ನಿಮಗೆ ಮಾತಾಡುವ ಹಕ್ಕಿದೆ. ಊರಿಗೆಲ್ಲ ತೆರಿಗೆ ಹೆಚ್ಚಾಯಿತು ಎಂಬುದು ಅಪೀಲಿನ ವಿಷಯವಲ್ಲ. ಉಳಿದವರಿಗಿಂತ ನಿಮ್ಮ ಪಾಲು ಹೆಚ್ಚಾಗಿದೆ ಎಂಬುದು ಅಪೀಲಿನ ವಿಷಯ.

"ಹೊಸಬರೇ, ಬನ್ನಿ"

ನಮ್ಮಂಥ ಹೊರಗಿನಿಂದ ಬಂದವರಿಗೆ ತೀರ ಹತ್ತಿರದ ಅಧ್ಯಾಯ ಇದು. ಹೊಸದಾಗಿ ಮನೆ ಕೊಂಡವರ ಬೆಲೆಯನ್ನು ಮಾತ್ರ ಅವರು ಕೊಟ್ಟ ಹಣಕ್ಕೆ ತಕ್ಕಂತೆ ಏರಿಸಿ, ಅಕ್ಕಪಕ್ಕದ ಹಳಬರ ಬೆಲೆಯನ್ನು ಹಾಗೆಯೇ ಬಿಡುವ ಪದ್ಧತಿ ಈ ದೇಶದ ಅನೇಕ ಕಡೆ ಇತ್ತು. ಇದಕ್ಕೆ ತಜ್ಞರು ವ್ಯಂಗ್ಯವಾಗಿ ಇಟ್ಟ ಹೆಸರು 'ವೆಲ್‌ಕಮ್ ಸ್ಟ್ರೇಂಜರ್', ಅಂದರೆ 'ಬನ್ನಿ ಹೊಸಬರೇ' ಅಸೆಸ್‌ಮೆಂಟು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ನಮ್ಮ ಗಾದೆ ಇಲ್ಲಿಗೆ ಒಪ್ಪುತ್ತದೆ. ಆದರೆ ನೀರಿಗೆ ಬಂದವಳಿಗೆ ಮಾತ್ರ ಸುಂಕ ಜಾಸ್ತಿ!

ಪಶ್ಚಿಮ ವರ್ಜೀನಿಯಾದ ವೆಬ್‌ಸ್ಟರ್ ಕೌಂಟಿಯಲ್ಲಿ ಹೊಸದಾಗಿ ಗಣಿ ಜಮೀನು ಕೊಂಡ ಕಲ್ಲಿದ್ದಲು ಕಂಪನಿಗಳ ಬೆಲೆಯನ್ನು ಪಕ್ಕದವರಿಗಿಂತ 8ರಿಂದ 35 ಪಟ್ಟು ಹೆಚ್ಚು ಕಟ್ಟಿದ್ದರು. 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಮ್ಮತದಿಂದ ಅದನ್ನು ತಳ್ಳಿಹಾಕಿತು. ಮರುವರ್ಷವೇ, 1990ರಲ್ಲಿ, ನ್ಯೂಜೆರ್ಸಿಯ ಸುಪ್ರೀಂ ಕೋರ್ಟು ವೆಸ್ಟ್ ಮಿಲ್‌ಫರ್ಡ್ ಟೌನ್‌ಶಿಪ್ಪಿನ ಮೊಕದ್ದಮೆಯಲ್ಲಿ, ಮನೆ ಮಾರಾಟವಾಯಿತೆಂಬ ಒಂದೇ ಕಾರಣಕ್ಕೆ ಹೊಸ ಮಾಲೀಕರ ಅಸೆಸ್‌ಮೆಂಟನ್ನು ಏರಿಸುವುದು ಈ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂದು ಹೇಳಿತು. ಒಂದೇ ಅಳತೆಗೋಲು ಎಂಬ 1947ರ ಸಂವಿಧಾನದ ನಿಯಮ ಹೊಸಬರಿಗೂ ಹಳಬರಿಗೂ ಒಂದೇ.

ಎಲ್ಲ ರಾಜ್ಯಗಳಲ್ಲೂ ಹೀಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1978ರ ಜೂನ್ 6ರಂದು ಮತದಾರರು ಪ್ರೊಪೊಸಿಷನ್ 13 ಅನ್ನು ಭಾರಿ ಬಹುಮತದಿಂದ ಗೆಲ್ಲಿಸಿದರು. ಅದರಂತೆ ತೆರಿಗೆಯ ದರ ಬೆಲೆಯ ನೂರಕ್ಕೆ 1; ಮನೆಯ ಬೆಲೆ ವರ್ಷಕ್ಕೆ ನೂರಕ್ಕೆ 2ಕ್ಕಿಂತ ಹೆಚ್ಚು ಏರಿಸುವಂತಿಲ್ಲ; ಆದರೆ ಮಾರಾಟವಾದೊಡನೆ ಹೊಸ ಬೆಲೆ. ವಯಸ್ಸಾದವರು ತೆರಿಗೆಯ ದೆಸೆಯಿಂದ ಮನೆ ಮಾರಿ ಹೋಗಬೇಕಾಗಿಲ್ಲ ಎಂಬುದು ಅದರ ದೊಡ್ಡ ಗುಣ. ದೋಷವೂ ಅಲ್ಲೇ ಇದೆ. ಲಾಸ್ ಏಂಜಲೀಸ್‌ನಲ್ಲಿ 1988ರಲ್ಲಿ 1,70,000 ಡಾಲರಿಗೆ ಮನೆ ಕೊಂಡ ಸ್ಟೆಫನಿ ನಾರ್ಡ್ಲಿಂಗರ್, ಅಂಥದ್ದೇ ಮನೆಯಲ್ಲಿ ಬಹುಕಾಲದಿಂದ ಇದ್ದ ನೆರೆಯವರಿಗಿಂತ ಸುಮಾರು ಐದು ಪಟ್ಟು ತೆರಿಗೆ ಕಟ್ಟಬೇಕಾಯಿತು. ಆಕೆ ಸುಪ್ರೀಂ ಕೋರ್ಟಿನವರೆಗೂ ಹೋದರು. 1992ರಲ್ಲಿ ಎಂಟು ನ್ಯಾಯಮೂರ್ತಿಗಳು ಕ್ಯಾಲಿಫೋರ್ನಿಯಾದ ಪರ, ಒಬ್ಬರು ವಿರುದ್ಧ. ಜನರೇ ಕಾರಣ ಹೇಳಿ ಒಪ್ಪಿಕೊಂಡ ನಿಯಮ ಬೇರೆ, ಅಸೆಸರ್ ತನ್ನ ಮನಸ್ಸಿಗೆ ಬಂದಂತೆ ಮಾಡಿದ್ದು ಬೇರೆ ಎಂದಾಯಿತು. ಆದ್ದರಿಂದ ಸ್ಯಾನ್ ಹೋಸೆಯ ಸೋದರಮಾವನ ಸಲಹೆ ಎಡಿಸನ್‌ನ ಮನೆಗೆ ಹೊಂದುವುದಿಲ್ಲ. ಮೊದಲು ನಿಮ್ಮ ರಾಜ್ಯದ ನಿಯಮ ನೋಡಬೇಕು.

ನಮ್ಮ ರಾಜ್ಯದ ಲೆಕ್ಕ

ನ್ಯೂಜೆರ್ಸಿಯಲ್ಲಿ ಇಂಥ ಅಪೀಲುಗಳನ್ನು ಕೇಳುವುದು ಕೌಂಟಿಯ ತೆರಿಗೆ ಮಂಡಳಿ. ಈ ಮಂಡಳಿಗಳು ಹುಟ್ಟಿದ್ದು 1906ರಲ್ಲಿ. ಆಗಲೂ ಆ ಮೇಲೂ ಬಹುತೇಕ ಟೌನುಗಳು ಪೂರ್ತಿ ಬೆಲೆಯ ಒಂದು ಸಣ್ಣ ಪಾಲನ್ನು ಮಾತ್ರ ಬರೆಯುತ್ತಿದ್ದವು. 1957ರಲ್ಲಿ ಮಿಡ್ಲ್‌ಟೌನ್‌ನ ತೆರಿಗೆದಾರರೊಬ್ಬರು, ಕಾನೂನಿನಲ್ಲಿರುವಂತೆ ಎಲ್ಲರಿಗೂ ಪೂರ್ತಿ ಬೆಲೆ ಕಟ್ಟಿಸಿ ಎಂದು ಕೇಳಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಆ ಮೇಲೆ ಶಾಸನಸಭೆ ನಿಯಮಗಳನ್ನು ಬದಲಾಯಿಸುತ್ತಾ ಬಂದು, 1973ರ 123ನೆಯ ಅಧ್ಯಾಯ ಎಂಬ ಕಾನೂನು ತಂದಿತು. ಇಂದು ನಾವು ಅಪೀಲು ಗೆಲ್ಲುವುದು ಸೋಲುವುದು ಇದರ ಮೇಲೆ.

ಅದರ ಲೆಕ್ಕ ಹೀಗಿದೆ. ಮನೆಗಳು ಎಷ್ಟಕ್ಕೆ ಮಾರಾಟವಾದವು, ಅವುಗಳ ಅಸೆಸ್‌ಮೆಂಟು ಎಷ್ಟಿತ್ತು ಎಂದು ನೋಡಿ, ರಾಜ್ಯದವರು ಪ್ರತಿ ಟೌನಿಗೂ ವರ್ಷವರ್ಷ ಒಂದು ಸರಾಸರಿ ಪ್ರಮಾಣವನ್ನು ಪ್ರಕಟಿಸುತ್ತಾರೆ. ನಿಮ್ಮ ಟೌನಿನ ಪ್ರಮಾಣ ನೂರಕ್ಕೆ 80 ಎಂದುಕೊಳ್ಳಿ. ಅದರ ಶೇಕಡ 15ರಷ್ಟು ಮೇಲೆ, ಶೇಕಡ 15ರಷ್ಟು ಕೆಳಗೆ, ಅಂದರೆ 68ರಿಂದ 92ರವರೆಗೆ, ವ್ಯತ್ಯಾಸವಿದ್ದರೆ ಕಾನೂನು ಅದನ್ನು ಸಹಿಸಿಕೊಳ್ಳುತ್ತದೆ. ನಿಮ್ಮ ಮನೆಯ ಮಾರುಕಟ್ಟೆ ಬೆಲೆ 5,00,000 ಡಾಲರು, ಅಸೆಸ್‌ಮೆಂಟು 4,40,000 ಇದ್ದರೆ ಪ್ರಮಾಣ 88. ಸರಾಸರಿಗಿಂತ ಹೆಚ್ಚೇ, ಆದರೂ ಗೆರೆಯೊಳಗಿದೆ, ಅಪೀಲಿನಿಂದ ಏನೂ ಸಿಗದು. ಅಸೆಸ್‌ಮೆಂಟು 4,70,000 ಇದ್ದರೆ ಪ್ರಮಾಣ 94, ಗೆರೆ ದಾಟಿತು. ಆಗ ಅದನ್ನು ಸರಾಸರಿಗೇ, ಅಂದರೆ 4,00,000ಕ್ಕೆ ಇಳಿಸಬೇಕು. ತೆರಿಗೆಯ ದರ ನೂರು ಡಾಲರಿಗೆ 2.50 ಇದ್ದರೆ ವರ್ಷಕ್ಕೆ 1,750 ಡಾಲರು ಉಳಿತಾಯ. ಹಾಗೆಯೇ 3,30,000 ಇದ್ದರೆ ಪ್ರಮಾಣ 66. ಇಂಥವರು ಸುಮ್ಮನೆ ಅರ್ಜಿ ಹಾಕಿದರೆ, ಟೌನಿನವರು ಮರು ಅರ್ಜಿ ಹಾಕಿ 4,00,000ಕ್ಕೆ ಏರಿಸಿಬಿಡಬಹುದು. ಎಲ್ಲರೂ ಹಾಕುತ್ತಿದ್ದಾರೆಂದು ಹಾಕುವವರು ಇದನ್ನು ಮನಸ್ಸಿನಲ್ಲಿಡಬೇಕು.

ಇನ್ನೂ ಒಂದು ತಪ್ಪು ತಿಳಿವಳಿಕೆ ನಮ್ಮಲ್ಲಿ ಬಹಳ ಇದೆ. ಊರಿಗೆಲ್ಲ ಹೊಸ ಬೆಲೆ ಕಟ್ಟಿಸಿದ ವರ್ಷ ಮನೆಯ ಬೆಲೆ ಎರಡರಷ್ಟಾದರೆ ತೆರಿಗೆಯೂ ಎರಡರಷ್ಟಾಯಿತೆಂದು ಗಾಬರಿಯಾಗುತ್ತೇವೆ. ಇದು ಯುಗಾದಿ ಊಟದ ಖರ್ಚನ್ನು ಮನೆಗಳ ಮೇಲೆ ಹಂಚಿಕೊಂಡಂತೆ. ಶಾಲೆಗೆ, ಟೌನಿಗೆ, ಕೌಂಟಿಗೆ ಬೇಕಾದ ಹಣ ಎಷ್ಟೆಂದು ಬಜೆಟ್ಟಿನಲ್ಲಿ ಮೊದಲೇ ಗೊತ್ತಾಗುತ್ತದೆ. ಅದನ್ನು ಎಲ್ಲ ಆಸ್ತಿಯ ಒಟ್ಟು ಬೆಲೆಯಿಂದ ಭಾಗಿಸಿದರೆ ದರ ಬರುತ್ತದೆ. ಎಲ್ಲರ ಬೆಲೆಯೂ ಎರಡರಷ್ಟಾದರೆ ದರ ಅರ್ಧವಾಗುತ್ತದೆ. ಬದಲಾಗುವುದು ಪಾಲು ಮಾತ್ರ. ಬಜೆಟ್ಟೇ ಹೆಚ್ಚಾಯಿತೆಂದು ಅನ್ನಿಸಿದರೆ ಹೋಗಬೇಕಾದದ್ದು ಕೌನ್ಸಿಲ್ ಸಭೆಗೆ, ಶಾಲಾ ಮಂಡಳಿಯ ಸಭೆಗೆ ಮತ್ತು ಓಟಿಗೆ. ಹೋಮ್ಸ್ 1915ರಲ್ಲಿ ಹೇಳಿದ್ದೂ ಅದೇ.

ಸುಮ್ಮನಿದ್ದವರ ಪಾಲು

ಹಾಗಾದರೆ ತಣ್ಣಗಿರುವುದೇ ಒಳ್ಳೆಯದಲ್ಲವೇ ಎಂದು ಕೇಳಬಹುದು. ಷಿಕಾಗೋ ಇರುವ ಕುಕ್ ಕೌಂಟಿಯಲ್ಲಿ ನಡೆದದ್ದನ್ನು ಕೇಳಿ. ಅಲ್ಲಿನ ಅಸೆಸ್‌ಮೆಂಟುಗಳನ್ನು ಷಿಕಾಗೋ ಟ್ರಿಬ್ಯೂನ್ ಪತ್ರಿಕೆ 2017ರಲ್ಲಿ ಕೂಲಂಕಷವಾಗಿ ಪರಿಶೀಲಿಸಿ ಸರಣಿ ಲೇಖನ ಪ್ರಕಟಿಸಿತು. ಕಡಿಮೆ ಬೆಲೆಯ ಮನೆಗಳಿಗೆ ಇರುವುದಕ್ಕಿಂತ ಹೆಚ್ಚು ಬೆಲೆ ಕಟ್ಟಿದ್ದರು. ದುಬಾರಿ ಮನೆಗಳಿಗೆ ಕಡಿಮೆ. ಅಪೀಲಿನಿಂದ ಇದು ಸರಿಹೋಗಬೇಕಿತ್ತು. ಆದದ್ದು ಬೇರೆ. ಅನುಕೂಲಸ್ಥರ ಬಡಾವಣೆಗಳಲ್ಲಿ ಹೆಚ್ಚು ಜನ ಅಪೀಲು ಮಾಡಿದರು, ವಕೀಲರನ್ನಿಟ್ಟರು, ಇಳಿಸಿಕೊಂಡರು. ಬಡವರ ಬಡಾವಣೆಗಳಲ್ಲಿ ಕಾರ್ಡು ಮೂಲೆಗೆ ಬಿತ್ತು. ಇಳಿದ ಹೊರೆಯೆಲ್ಲ ಸುಮ್ಮನಿದ್ದವರ ಮೇಲೆ ಬಿತ್ತು. 2018ರ ಪ್ರೈಮರಿ ಚುನಾವಣೆಯಲ್ಲಿ ಆಗಿನ ಅಸೆಸರ್ ಸೋತರು.

ಪಾಲು ತಪ್ಪಾದಾಗ ಸುಮ್ಮನಿರುವುದು ಸೌಜನ್ಯವಲ್ಲ. ಅದು ಬೇರೆಯವರ ಊಟದ ದುಡ್ಡನ್ನು ನಾವು ಕೊಟ್ಟಂತೆ. ಪಾಲು ಸರಿಯಿದ್ದಾಗ ಅರ್ಜಿ ಹಾಕಿ ಇಳಿಸಿಕೊಳ್ಳಲು ನೋಡುವುದು ನಮ್ಮ ಊಟದ ದುಡ್ಡನ್ನು ಬೇರೆಯವರ ತಲೆಗೆ ಕಟ್ಟಿದಂತೆ. ಪಕ್ಕದ ಮನೆಯ ವಯಸ್ಸಾದ ದಂಪತಿಯೂ ಅದೇ ಲೆಕ್ಕದಲ್ಲಿದ್ದಾರೆ.

ನಿರ್ಧಾರ ಮಾಡುವಾಗ

ಕಾರ್ಡು ಬಂದ ದಿನವೇ ಮೂರು ಕೆಲಸ ಮಾಡಬಹುದು. ಮೊದಲು, ಟೌನಿನ ಕಚೇರಿಯಿಂದ ನಿಮ್ಮ ಮನೆಯ ದಾಖಲೆಯ ಪ್ರತಿ ಕೇಳಿ ಪಡೆಯಿರಿ. ಇಲ್ಲದ ಬಾತ್‌ರೂಮು, ಮುಗಿಸದ ಬೇಸ್‌ಮೆಂಟು ಅದರಲ್ಲಿ ಸೇರಿರಬಹುದು. ಇಂಥ ತಪ್ಪನ್ನು ಅಸೆಸರ್ ಜೊತೆ ಮಾತಾಡಿಯೇ ಸರಿಮಾಡಿಸಿಕೊಳ್ಳಲು ಸಾಧ್ಯ. ಎರಡನೆಯದಾಗಿ, ಹಿಂದಿನ ವರ್ಷದ ಅಕ್ಟೋಬರ್ 1ರಂದು ನಿಮ್ಮ ಮನೆಗೆ ಎಷ್ಟು ಬೆಲೆ ಬರುತ್ತಿತ್ತು ಎಂದು ನೋಡಿ. ಕಾನೂನು ಕೇಳುವುದು ಆ ದಿನದ ಬೆಲೆಯನ್ನು. ನಿಮ್ಮದರಂಥ ಮನೆಗಳು ಆಸುಪಾಸಿನಲ್ಲಿ, ಆ ದಿನಾಂಕಕ್ಕೆ ಹತ್ತಿರದಲ್ಲಿ ಎಷ್ಟಕ್ಕೆ ಮಾರಾಟವಾದವು ಎಂಬುದೇ ಸಾಕ್ಷ್ಯ. ಅಂಥ ಮೂರರಿಂದ ಐದು ಮಾರಾಟಗಳು ಬೇಕು. ಪಕ್ಕದ ಮನೆಯ ಅಸೆಸ್‌ಮೆಂಟು ಕಡಿಮೆಯಿದೆ ಎಂಬ ಮಾತನ್ನು ಮಂಡಳಿ ಬೆಲೆಗೆ ಸಾಕ್ಷ್ಯವೆಂದು ಒಪ್ಪುವುದಿಲ್ಲ. ಹೋಲಿಕೆಯ ಕೆಲಸವನ್ನು ಟೌನಿನ ಪ್ರಮಾಣವೇ ಮಾಡುತ್ತದೆ. ಮೂರನೆಯದಾಗಿ, ಆ ಪ್ರಮಾಣವನ್ನು ಹಚ್ಚಿ ಮೇಲೆ ಹೇಳಿದಂತೆ ಭಾಗಾಕಾರ ಮಾಡಿ.

ಗೆರೆಯೊಳಗಿದ್ದರೆ ಕಾರ್ಡನ್ನು ಎತ್ತಿಟ್ಟು ನಿಶ್ಚಿಂತೆಯಿಂದಿರಿ. ಗೆರೆ ದಾಟಿದ್ದರೆ ಗಡುವಿನೊಳಗೆ ಅರ್ಜಿ ಹಾಕಿ. ಹೆಚ್ಚಿನ ಕೌಂಟಿಗಳಲ್ಲಿ ಅದು ಏಪ್ರಿಲ್ 1; ಕೆಲವು ಕೌಂಟಿಗಳಲ್ಲಿ ಮತ್ತು ಹೊಸ ಬೆಲೆ ಕಟ್ಟಿದ ವರ್ಷಗಳಲ್ಲಿ ದಿನಾಂಕ ಬೇರೆ, ಕಾರ್ಡಿನಲ್ಲಿ ನೋಡಿಕೊಳ್ಳಿ. ತೆರಿಗೆಯ ಕಂತುಗಳನ್ನು ಮಾತ್ರ ನಿಲ್ಲಿಸಬೇಡಿ. ಸ್ವಂತ ಮನೆಯ ವಿಷಯಕ್ಕೆ ವಕೀಲರು ಬೇಕೆಂದಿಲ್ಲ, ನೀವೇ ಮಾತಾಡಬಹುದು. ಅಸೆಸರ್ ಲೆಕ್ಕ ಸರಿಯೆಂದೇ ಮಂಡಳಿ ಹೊರಡುತ್ತದೆ. ತಪ್ಪೆಂದು ತೋರಿಸುವ ಹೊಣೆ ನಿಮ್ಮದು. ಗೆದ್ದರೆ ಆ ಅಂಕಿ ಸಾಮಾನ್ಯವಾಗಿ ಮುಂದಿನ ಎರಡು ವರ್ಷವೂ ನಿಲ್ಲುತ್ತದೆ. ಒಪ್ಪಿಗೆಯಾಗದಿದ್ದರೆ 1979ರಲ್ಲಿ ಸ್ಥಾಪನೆಯಾದ ರಾಜ್ಯದ ಟ್ಯಾಕ್ಸ್ ಕೋರ್ಟು ಇದೆ. ಮಂಡಳಿಯ ತೀರ್ಪು ಅಂಚೆಗೆ ಬಿದ್ದ 45 ದಿನದೊಳಗೆ ಹೋಗಬೇಕು.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಕೇಳಿ ಬೆಳೆದವರು ನಾವು. ಊರಿನ ಸಿವಿಲ್ ದಾವೆಗಳಿಗೆ ಅದು ಸರಿಯಿರಬಹುದು. ಇಲ್ಲಿನ ಕೌಂಟಿ ಮಂಡಳಿಯ ಮುಂದೆ ಸಾಮಾನ್ಯವಾಗಿ ಒಂದಿಷ್ಟು ನಿಮಿಷದ ಮಾತು, ಕೈಯಲ್ಲಿ ಒಂದೆರಡು ಹಾಳೆ. ಆ ಕೆಲವು ನಿಮಿಷದ ಹಿಂದೆ ಬಿಸಿನೀರು ಸುರಿದ ಹೆಂಗಸರಿದ್ದಾರೆ, ದಫ್ತರ ಬಿಚ್ಚಿದ ಇಬ್ಬರು ಶಿಕ್ಷಕಿಯರಿದ್ದಾರೆ, ಕದ್ರಿಯಲ್ಲಿ ಸೇರಿದ ರೈತರ ಅರ್ಜಿಗಳೂ ಇವೆ. ನಮ್ಮ ಸಂಘದ ಹಿರಿಯರಲ್ಲಿ, ಮಗ ಸೊಸೆ ದೂರದಲ್ಲಿದ್ದು ಇಂಥ ಕಾಗದಗಳನ್ನು ತಾವೇ ಬಿಡಿಸಿ ಓದಬೇಕಾದವರು ಹಲವರಿದ್ದಾರೆ. ಈ ಸಲ ಅವರ ಮನೆಗೆ ಹೋದಾಗ ಕಾಫಿಯ ಜೊತೆ ಆ ಕಾರ್ಡನ್ನೂ ಕೇಳಿ ತೆಗೆಸಿ, ಒಂದು ಭಾಗಾಕಾರ ಮಾಡಿಕೊಡೋಣ.